ಐಪಿ ವಿಳಾಸ ಸಿಕ್ಕರೆ ನಿಮ್ಮ ಮನೆ ಸಿಕ್ಕಂತೆಯೇ?

ಹೊಸಪೇಟೆಯ ಮನೆಯಲ್ಲಿ ಕೂತು ಹೊಸ ಮೊಬೈಲ್‌ನಲ್ಲಿ ಜಿಮೇಲ್ ತೆರೆಯುತ್ತೀರಿ. ಮರುಕ್ಷಣವೇ ಹಳೆಯ ಮೊಬೈಲ್‌ಗೆ ಎಚ್ಚರಿಕೆ ಬರುತ್ತದೆ: ಬೆಂಗಳೂರಿನಿಂದ ಯಾರೋ ನಿಮ್ಮ ಖಾತೆಗೆ ಲಾಗಿನ್ ಆಗಿದ್ದಾರೆ, ಅದು ನೀವೇ ಹೌದೇ? ನೀವು ಬೆಂಗಳೂರಿನ ಮುಖ ನೋಡಿ ಎಷ್ಟೋ ದಿನಗಳಾಗಿವೆ. ಖಾತೆ ಕಳ್ಳರ ಪಾಲಾಯಿತೆಂದು ಎದೆ ಧಸಕ್ಕೆನ್ನುತ್ತದೆ. ಇನ್ನು ಕೆಲವರಿಗೆ ಇದಕ್ಕಿಂತ ಕೆಟ್ಟ ಕರೆ ಬರುತ್ತದೆ. ‘ಸಿಬಿಐನಿಂದ ಮಾತಾಡ್ತಾ ಇದ್ದೀವಿ, ನಿಮ್ಮ ಐಪಿ ಅಡ್ರೆಸ್‌ನಿಂದ ಅಶ್ಲೀಲ ವಿಡಿಯೊ ನೋಡಿದ್ದು ದಾಖಲಾಗಿದೆ, ನಿಮ್ಮ ಮನೆ ಎಲ್ಲಿದೆ ಅಂತ ಗೊತ್ತು’ ಎಂದು ಹೆದರಿಸಿ ಹಣ ಕೀಳುವ ಕರೆ ಅದು.

ಐಪಿ ವಿಳಾಸ ಎಂದರೇನು, ಅದರಿಂದ ಯಾರಿಗೆ ಏನು ತಿಳಿಯುತ್ತದೆ ಎಂಬುದು ಸ್ಪಷ್ಟವಾಗಿಲ್ಲದ ಕಾರಣ ಈ ಎರಡೂ ಕಡೆ ನಾವು ಗಾಬರಿಯಾಗುತ್ತೇವೆ. ಆದರೆ ನಿಜಕ್ಕೂ ಎಚ್ಚರ ವಹಿಸಬೇಕಾದ ಕಡೆ, ಅಂದರೆ ಮನೆಯ ವೈಫೈ ಯಾರ್‍ಯಾರ ಕೈಗೆ ಹೋಗಿದೆ ಎಂಬ ವಿಷಯದಲ್ಲಿ, ನಿಶ್ಚಿಂತರಾಗಿರುತ್ತೇವೆ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಮನೆಯೊಳಗೆ ಒಂದು, ಹೊರಗೆ ಒಂದು

ಇಂಟರ್‌ನೆಟ್‌ನಲ್ಲಿ ಮಾಹಿತಿ ಎಲ್ಲಿಗೆ ತಲುಪಬೇಕೆಂದು ತಿಳಿಸುವ ಸಂಖ್ಯೆಯೇ ಐಪಿ ವಿಳಾಸ. ಹೊಸಪೇಟೆ ಬಸ್ ನಿಲ್ದಾಣದ ಸುತ್ತಲಿನ ಲಾಡ್ಜ್‌ಗಳನ್ನು ನೆನಪಿಸಿಕೊಳ್ಳಿ. ಹೆಚ್ಚುಕಡಿಮೆ ಎಲ್ಲ ಲಾಡ್ಜ್‌ಗಳಲ್ಲೂ 101ನೇ ನಂಬರಿನ ರೂಮು ಇರುತ್ತದೆ. ‘ರೂಮ್ ನಂಬರ್ 101, ಹೊಸಪೇಟೆ’ ಎಂದಷ್ಟೇ ಬರೆದ ಪತ್ರ ಯಾರಿಗೂ ತಲುಪದು. ಪತ್ರ ಬರಬೇಕಾದರೆ ಲಾಡ್ಜ್‌ನ ವಿಳಾಸ ಬೇಕು. ಅಲ್ಲಿಂದ ಯಾವ ರೂಮಿಗೆ ಎಂಬುದನ್ನು ಕೌಂಟರಿನಲ್ಲಿ ಕೂತವರು ನೋಡಿಕೊಳ್ಳುತ್ತಾರೆ.

ಮನೆಯ ರೂಟರ್ ಮಾಡುವುದು ಆ ಕೌಂಟರಿನ ಕೆಲಸ. ಅದು ನಿಮ್ಮ ಮೊಬೈಲ್‌ಗೆ 192.168.1.5, ಟಿವಿಗೆ 192.168.1.6 ಎಂದು ಒಳಗಿನ ಸಂಖ್ಯೆಗಳನ್ನು ಹಂಚುತ್ತದೆ. ಸಂಡೂರಿನ ಇನ್ನೊಂದು ಮನೆಯಲ್ಲೂ, ಅಮೆರಿಕದ ಯಾವುದೋ ಮನೆಯಲ್ಲೂ ಇದೇ 192.168.1.5 ಇರಬಹುದು. ತೊಂದರೆಯಿಲ್ಲ, ಅವು ಗೋಡೆಯಾಚೆ ಹೋಗುವುದೇ ಇಲ್ಲ. 10ರಿಂದ ಶುರುವಾಗುವ, 172.16ರಿಂದ 172.31ರವರೆಗಿನ ಮತ್ತು 192.168ರಿಂದ ಶುರುವಾಗುವ ವಿಳಾಸಗಳನ್ನು ಹೀಗೆ ಒಳಬಳಕೆಗೆಂದೇ ಮೀಸಲಿಡಲಾಗಿದೆ.

ನೀವು ಒಂದು ಜಾಲತಾಣ ತೆರೆದಾಗ ರೂಟರ್ ಆ ಕೋರಿಕೆಯನ್ನು ತನ್ನ ಹೊರಗಿನ ಸಂಖ್ಯೆಯ ಹೆಸರಿನಲ್ಲಿ ಕಳಿಸುತ್ತದೆ. ಕೇಳಿದ್ದು ಯಾವ ಸಾಧನ ಎಂದು ಗುರುತಿಟ್ಟುಕೊಂಡು, ಬಂದ ಉತ್ತರವನ್ನು ಅದಕ್ಕೇ ಒಪ್ಪಿಸುತ್ತದೆ. ಈ ವ್ಯವಸ್ಥೆಗೆ ನ್ಯಾಟ್ ಎಂದು ಹೆಸರು. ಹೀಗಾಗಿ ಮನೆಯಲ್ಲಿ ಅಪ್ಪ ನೋಡಿದ ಸುದ್ದಿ, ಮಗಳ ಆನ್‌ಲೈನ್ ಕ್ಲಾಸು, ಬಂದ ನೆಂಟರ ಯೂಟ್ಯೂಬು ಎಲ್ಲವೂ ಹೊರಗಿನವರಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ.

ಕಂಪ್ಲಿಯ ನೂರು ಮನೆಗೆ ಒಂದೇ ಸಂಖ್ಯೆ

ಈಗಲೂ ಹೆಚ್ಚು ಬಳಕೆಯಲ್ಲಿರುವ ಐಪಿವಿ4 ಮಾದರಿ 1981ರದು. ಅದರಲ್ಲಿ ಒಟ್ಟು ಸುಮಾರು 430 ಕೋಟಿ ಸಂಖ್ಯೆಗಳಷ್ಟೇ ಸಾಧ್ಯ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಹಂಚಿಕೆಯಾಗಿಹೋದವು. ಏಷ್ಯಾ–ಪೆಸಿಫಿಕ್ ವಲಯದಲ್ಲಿ ಅದೇ ವರ್ಷ ಏಪ್ರಿಲ್‌ನಿಂದ ಕೈ ಬಿಗಿಹಿಡಿದು ಕೊಡುವ ಪರಿಸ್ಥಿತಿ ಬಂತು. ನಮ್ಮ ಸಣ್ಣ ಊರುಗಳಿಗೆ ಫೈಬರ್ ಬಂದದ್ದು ಈ ಬರ ಶುರುವಾದ ಮೇಲೆ.

ಆದ್ದರಿಂದ ಇಂಟರ್‌ನೆಟ್ ಕಂಪನಿಗಳು ನ್ಯಾಟ್ ಉಪಾಯವನ್ನೇ ದೊಡ್ಡದಾಗಿ ಬಳಸುತ್ತವೆ. ಕಂಪ್ಲಿಯಲ್ಲಿ ಕೇಬಲ್‌ನವರು ಎಳೆದುಕೊಟ್ಟ ಲೈನಿನ ನೂರಾರು ಮನೆಗಳು ಹೊರಜಗತ್ತಿಗೆ ಒಂದೇ ಸಂಖ್ಯೆಯಾಗಿ ಕಾಣಬಹುದು. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಇದಕ್ಕೆಂದೇ 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಮೀಸಲಿಡಲಾಯಿತು. ಮೊಬೈಲ್ ಡೇಟಾದಲ್ಲೂ ಇದು ಸಾಮಾನ್ಯ. ನಿಮ್ಮದೆಂದು ನೀವು ಅಂದುಕೊಂಡ ಸಂಖ್ಯೆ ಅದೇ ಗಳಿಗೆಯಲ್ಲಿ ಗುರುತೇ ಇಲ್ಲದ ಎಷ್ಟೋ ಜನರದೂ ಆಗಿರುತ್ತದೆ.

ಐಪಿವಿ6 ಎಂಬ ಹೊಸ ಮಾದರಿಯಲ್ಲಿ ಸಂಖ್ಯೆಗಳಿಗೆ ಬರವೇ ಇಲ್ಲ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. 2409 ಅಥವಾ 2401ರಿಂದ ಶುರುವಾಗುವ ಉದ್ದನೆಯ ವಿಳಾಸ ನಿಮ್ಮ ಮೊಬೈಲ್‌ನಲ್ಲಿ ಕಂಡರೆ ಅದು ಇದೇ. ಇಲ್ಲಿ ಮಾತ್ರ ಲೆಕ್ಕ ಬೇರೆ: ಪ್ರತಿ ಸಾಧನಕ್ಕೂ ಹೊರಗೆ ಕಾಣುವ ಸ್ವಂತ ವಿಳಾಸ ಸಿಗುತ್ತದೆ. ವಿಳಾಸದ ಮೊದಲ ಅರ್ಧ ನಿಮ್ಮ ಮನೆಯ ಸಂಪರ್ಕದ್ದು, ಉಳಿದರ್ಧ ಸಾಧನದ್ದು. ಫೋನುಗಳು ಆ ಉಳಿದರ್ಧವನ್ನು ಆಗಾಗ ತಾವಾಗಿಯೇ ಬದಲಿಸಿಕೊಳ್ಳುತ್ತವೆ. ಮೊದಲರ್ಧ ಹಾಗೆಯೇ ಇರುವವರೆಗೆ ಮನೆ ಒಂದೇ ಎಂಬುದು ತಿಳಿಯುತ್ತದೆ.

ನಿಮ್ಮದು ಯಾವುದು? ನೋಡಿಕೊಳ್ಳುವ ಬಗೆ

ಐದು ನಿಮಿಷದ ಕೆಲಸ. ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ.

1. ಒಳಗಿನ ವಿಳಾಸ: ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ. ಅಲ್ಲಿ ಐಪಿ ಅಡ್ರೆಸ್ ಮತ್ತು ಗೇಟ್‌ವೇ ಎಂಬ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ನಿಮ್ಮ ಮೊಬೈಲ್‌ದು, ಗೇಟ್‌ವೇ ರೂಟರ್‌ನದು.

2. ರೂಟರ್‌ನ ವಿಳಾಸ: ವೈಫೈಗೆ ಸೇರಿಕೊಂಡಿರುವಾಗಲೇ ಬ್ರೌಸರ್‌ನಲ್ಲಿ ಆ ಗೇಟ್‌ವೇ ಸಂಖ್ಯೆಯನ್ನು ಟೈಪ್ ಮಾಡಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ಜಿಯೊ ಫೈಬರ್ ಆದರೆ 192.168.29.1. ಯೂಸರ್‌ನೇಮ್, ಪಾಸ್‌ವರ್ಡ್ ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತವೆ. ಒಳಹೋದ ಮೇಲೆ ‘ಸ್ಟೇಟಸ್’ ಪುಟದಲ್ಲಿ ವ್ಯಾನ್ ಐಪಿ ಎಂಬುದನ್ನು ಬರೆದುಕೊಳ್ಳಿ.

3. ಹೊರಗೆ ಕಾಣುವ ವಿಳಾಸ: ಗೂಗಲ್‌ನಲ್ಲಿ ‘ವಾಟ್ ಈಸ್ ಮೈ ಐಪಿ’ ಎಂದು ಹುಡುಕಿದರೆ ಅದನ್ನು ತೋರಿಸುವ ತಾಣಗಳು ಸಿಗುತ್ತವೆ. ಅಲ್ಲಿ ಕಂಡದ್ದನ್ನೂ ಬರೆದುಕೊಳ್ಳಿ. ಊರಿನ ಹೆಸರು ಏನು ತೋರಿಸುತ್ತಿದೆ ಎಂಬುದನ್ನು ಗಮನಿಸಿ.

4. ಹೋಲಿಸಿ: ಎರಡನೆಯದೂ ಮೂರನೆಯದೂ ಒಂದೇ ಆಗಿದ್ದರೆ ಆ ಸಂಖ್ಯೆ ಸದ್ಯಕ್ಕೆ ನಿಮ್ಮ ಮನೆಗೆ ಮಾತ್ರ ಸೇರಿದ್ದು. ಎರಡನೆಯದು 10ರಿಂದ ಅಥವಾ 100.64–100.127ರ ಸಾಲಿನಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ. ಮೂರನೆಯದು ಉದ್ದನೆಯ ಐಪಿವಿ6 ವಿಳಾಸವಾದರೆ ಹೋಲಿಕೆಗೆ ಅದನ್ನು ಬಳಸಬೇಡಿ, ಅದೇ ಪುಟದಲ್ಲಿ ಐಪಿವಿ4 ಎಂದು ಬರೆದದ್ದನ್ನು ನೋಡಿ.

5. ಕೊನೆಗೆ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮೂರನೇ ಹೆಜ್ಜೆಯನ್ನು ಮತ್ತೆ ಮಾಡಿ. ಸಂಖ್ಯೆ ಬದಲಾಗಿರುತ್ತದೆ, ಎಷ್ಟೋ ಸಲ ಊರೂ ಬದಲಾಗಿರುತ್ತದೆ. ನೀವು ಮಾತ್ರ ಕೂತಲ್ಲೇ ಕೂತಿದ್ದೀರಿ.

ಕರೆಂಟ್ ಹೋಗಿ ಬಂದು ರೂಟರ್ ಮತ್ತೆ ಚಾಲೂ ಆದಾಗಲೂ ಬಹಳಷ್ಟು ಸಂಪರ್ಕಗಳಲ್ಲಿ ಹೊರಗಿನ ಸಂಖ್ಯೆ ಬದಲಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುವ ಓಣಿಯಲ್ಲಿ ‘ನಿನ್ನೆಯ ಐಪಿ’ ಇವತ್ತು ಪಕ್ಕದ ಬೀದಿಯವರದಾಗಿರಬಹುದು.

ಹೊಸಪೇಟೆ ಬೆಂಗಳೂರಾಗಿ ಕಾಣುವುದೇಕೆ

ಐಪಿ ಸಂಖ್ಯೆಯಲ್ಲಿ ಊರು ಅಡಗಿಲ್ಲ. ಅಂಚೆ ಪಿನ್‌ಕೋಡ್‌ನಲ್ಲಿ 583201 ಎಂದರೆ ಹೊಸಪೇಟೆ ಎಂದು ಗೊತ್ತಾಗುವಂತೆ ಇಲ್ಲಿ ಗೊತ್ತಾಗುವುದಿಲ್ಲ. ಸಂಖ್ಯೆಗಳು ಮಂಜೂರಾಗುವುದು ಕಂಪನಿಗಳಿಗೆ. ನಮ್ಮ ದೇಶದಲ್ಲಿ ನಿಕ್ಸಿ ಸಂಸ್ಥೆಯ ಅಡಿಯ ಐಆರ್‌ಐಎನ್‌ಎನ್ ಆ ಹಂಚಿಕೆ ನೋಡಿಕೊಳ್ಳುತ್ತದೆ. ಯಾವ ಸಂಖ್ಯೆ ಎಲ್ಲಿ ಬಳಕೆಯಲ್ಲಿದೆ ಎಂದು ಖಾಸಗಿ ಸಂಸ್ಥೆಗಳು ಅಂದಾಜಿನ ಪಟ್ಟಿಗಳನ್ನು ತಯಾರಿಸಿ ಮಾರುತ್ತವೆ. ಜಾಲತಾಣಗಳು ನೋಡುವುದು ಆ ಪಟ್ಟಿಗಳನ್ನು. ಇಂಟರ್‌ನೆಟ್ ಕಂಪನಿ ತನ್ನ ದಟ್ಟಣೆಯನ್ನು ಹೊರಜಗತ್ತಿಗೆ ಬಿಡುವ ದ್ವಾರ ಬೆಂಗಳೂರಿನಲ್ಲೋ ಹೈದರಾಬಾದ್‌ನಲ್ಲೋ ಚೆನ್ನೈನಲ್ಲೋ ಇದ್ದರೆ ನೀವು ಅಲ್ಲಿಯವರಾಗಿ ಕಾಣುತ್ತೀರಿ. ದೇಶ ಸಾಮಾನ್ಯವಾಗಿ ಸರಿಯಾಗಿರುತ್ತದೆ, ರಾಜ್ಯ ಕೆಲವೊಮ್ಮೆ, ಊರು ಅದೃಷ್ಟವಿದ್ದರೆ.

ಆದ್ದರಿಂದ ಲಾಗಿನ್ ಎಚ್ಚರಿಕೆ ಬಂದಾಗ ಊರಿಗಿಂತ ಮೊದಲು ಗಂಟೆ, ನಿಮಿಷ ಮತ್ತು ಸಾಧನದ ಹೆಸರು ನೋಡಿ. ನೀವು ಆಗಷ್ಟೇ ತೆರೆದ ಹೊತ್ತು, ನಿಮ್ಮದೇ ಕಂಪನಿಯ ಮೊಬೈಲ್ ಆಗಿದ್ದರೆ ‘ಬೆಂಗಳೂರು’ ಎಂಬ ಪದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾತ್ರಿ ನೀವು ಮಲಗಿದ್ದ ಹೊತ್ತಿಗೆ, ನಿಮ್ಮಲ್ಲಿ ಇಲ್ಲದ ಸಾಧನದಿಂದ ಎಂದಿದ್ದರೆ, ಊರು ಹೊಸಪೇಟೆ ಎಂದಿದ್ದರೂ ತಕ್ಷಣ ಪಾಸ್‌ವರ್ಡ್ ಬದಲಿಸಿ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಪುಟದ ಕೆಳಗೆ ಬಲಬದಿಯಲ್ಲಿ ಸಣ್ಣಕ್ಷರದ ‘ಡೀಟೇಲ್ಸ್’ ಒತ್ತಿದರೆ ಇತ್ತೀಚಿನ ಲಾಗಿನ್‌ಗಳ ಐಪಿ ಮತ್ತು ಸಮಯ ಪಟ್ಟಿಯಾಗಿ ಸಿಗುತ್ತದೆ. ಅನುಮಾನವಿದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಬಲವಾದ ಆಧಾರವಾಗುತ್ತದೆ.

ಯಾರಿಗೆ ಎಷ್ಟು ತಿಳಿಯುತ್ತದೆ

ನೀವು ತೆರೆದ ಜಾಲತಾಣಕ್ಕೆ: ಹೊರಗಿನ ಐಪಿ, ಇಂಟರ್‌ನೆಟ್ ಕಂಪನಿಯ ಹೆಸರು, ಅಂದಾಜು ಊರು. ಹೆಸರು, ಮನೆ ಸಂಖ್ಯೆ, ಫೋನ್ ನಂಬರ್ ಐಪಿಯಿಂದ ತಿಳಿಯುವುದಿಲ್ಲ. ಅವು ತಿಳಿಯುವುದು ನೀವಾಗಿಯೇ ಲಾಗಿನ್ ಆದಾಗ, ಫಾರ್ಮ್ ತುಂಬಿದಾಗ, ಅಥವಾ ಮೊಬೈಲ್‌ಗೆ ಲೊಕೇಶನ್ ಅನುಮತಿ ಕೊಟ್ಟಾಗ. ಮನೆಯ ಬಾಗಿಲಿನವರೆಗೆ ತೋರಿಸುವುದು ಆ ಲೊಕೇಶನ್ ಅನುಮತಿ, ಹೆದರಬೇಕಾದದ್ದು ಅದಕ್ಕೆ.

ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದವರಿಗೆ: ಇಬ್ಬರ ನಡುವಿನ ಕರೆ ಸಾಮಾನ್ಯವಾಗಿ ನೇರವಾಗಿ ಸಾಗುತ್ತದೆ. ಹಾಗಾಗಿ ತಂತ್ರ ಬಲ್ಲವರು ಎದುರಿನವರ ಐಪಿ ತೆಗೆಯಬಲ್ಲರು. ಇದನ್ನು ಮರೆಮಾಡುವ ಆಯ್ಕೆಯನ್ನು 2023ರ ನವೆಂಬರ್‌ನಲ್ಲಿ ಕಂಪನಿ ಕೊಟ್ಟಿದೆ. ಸೆಟ್ಟಿಂಗ್ಸ್, ಪ್ರೈವೆಸಿ, ಕೊನೆಯಲ್ಲಿ ಅಡ್ವಾನ್ಸ್ಡ್, ಅಲ್ಲಿ ‘ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್’ ಚಾಲೂ ಮಾಡಿ. ದನಿ ಕೊಂಚ ಮಸುಕಾಗಬಹುದು. ಅಪರಿಚಿತರ ಕರೆ ಹೆಚ್ಚು ಬರುವ ಗೈಡ್‌ಗಳು, ಹೋಂಸ್ಟೇ ನಡೆಸುವವರು, ಹೆಣ್ಣುಮಕ್ಕಳು ಇದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಇಂಟರ್‌ನೆಟ್ ಕಂಪನಿಗೆ: ಎಲ್ಲವೂ ಜೋಡಣೆಯಾಗುವುದು ಇಲ್ಲಿಯೇ. ಯಾವ ಸಂಖ್ಯೆ ಯಾವ ಕ್ಷಣದಲ್ಲಿ ಯಾವ ಗ್ರಾಹಕರ ಬಳಿ ಇತ್ತು ಎಂಬ ದಾಖಲೆ ಅವರಲ್ಲಿದೆ. ಗ್ರಾಹಕರ ಹೆಸರು, ಆಧಾರ್ ಪ್ರತಿ, ಮನೆ ವಿಳಾಸವೂ ಇದೆ. ದೂರಸಂಪರ್ಕ ಇಲಾಖೆ 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ನಿಯಮ ತಿದ್ದಿ, ಇಂಥ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿದೆ.

ಪೊಲೀಸರಿಗೆ: ಅವರು ಆ ದಾಖಲೆಯನ್ನು ಕಾನೂನಿನ ಪ್ರಕಾರ ಕಂಪನಿಯಿಂದ ಕೇಳಿ ಪಡೆಯಬೇಕು. ಸಿಜಿನ್ಯಾಟ್ ಇದ್ದಲ್ಲಿ ಬರೀ ಐಪಿ ಸಾಲದು. ನಿಖರ ಸಮಯ ಮತ್ತು ಪೋರ್ಟ್ ಸಂಖ್ಯೆಯೂ (ಒಂದೇ ಐಪಿಯಡಿಯ ಸಂಪರ್ಕಗಳನ್ನು ಬೇರ್ಪಡಿಸುವ ಸಂಖ್ಯೆ) ಬೇಕು. ಅವಿಲ್ಲದಿದ್ದರೆ ಸಿಗುವುದು ನೂರಾರು ಹೆಸರುಗಳ ಪಟ್ಟಿ.

ಈ ಜೋಡಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನೋವಿನ ಉದಾಹರಣೆ ಇದೆ. 2007ರಲ್ಲಿ ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸಿದ ಬರಹವೊಂದರ ತನಿಖೆಗೆ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಆ ಐಪಿ ಅವರದೆಂದು ಇಂಟರ್‌ನೆಟ್ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಅಷ್ಟು ಗೊತ್ತಾಗುವ ಹೊತ್ತಿಗೆ ಆ ನಿರಪರಾಧಿ 50 ದಿನ ಜೈಲಿನಲ್ಲಿ ಕಳೆದಿದ್ದರು. ಐಪಿ ಸಂಖ್ಯೆ ತೋರಿಸುವುದು ಒಂದು ಸಂಪರ್ಕವನ್ನು, ಒಂದು ಕ್ಷಣವನ್ನು. ಆ ಹೊತ್ತಿಗೆ ಕೀಲಿಮಣೆಯ ಮುಂದೆ ಇದ್ದವರು ಯಾರು ಎಂಬುದನ್ನು ಬೇರೆ ಸಾಕ್ಷ್ಯದಿಂದಲೇ ಸಾಬೀತು ಮಾಡಬೇಕು.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ನಿಮ್ಮ ವೈಫೈ ಬಳಸಿ ಯಾರು ಏನು ಮಾಡಿದರೂ ತನಿಖೆ ಮೊದಲು ಬಂದು ನಿಲ್ಲುವುದು ಲೈನ್ ಯಾರ ಹೆಸರಿನಲ್ಲಿದೆಯೋ ಅವರ ಮನೆಯ ಮುಂದೆ.

ಹಂಪಿಯ ಹೋಂಸ್ಟೇಗಳಿಗೆ ವಿಶೇಷವಾಗಿ

ಜನತಾ ಪ್ಲಾಟ್, ಕಮಲಾಪುರ, ಕಡ್ಡಿರಾಂಪುರ, ನದಿಯಾಚೆಯ ಆನೆಗೊಂದಿ. ಎಲ್ಲ ಕಡೆ ಪ್ರವಾಸಿಗರು ಬಂದೊಡನೆ ಕೇಳುವುದು ವೈಫೈ ಪಾಸ್‌ವರ್ಡ್. ಗೋಡೆಗೆ ಬರೆದು ಅಂಟಿಸಿದ ಆ ಪಾಸ್‌ವರ್ಡ್ ಹಂಗಾಮು ಮುಗಿದರೂ ಬದಲಾಗುವುದಿಲ್ಲ. ಹೋದ ವರ್ಷ ಬಂದವರ ಮೊಬೈಲ್ ಈ ವರ್ಷವೂ ಬೀದಿಯಲ್ಲಿ ಹಾದುಹೋಗುವಾಗ ತಾನಾಗಿ ಸೇರಿಕೊಳ್ಳುತ್ತದೆ. ಮನೆಯವರ ಬ್ಯಾಂಕಿಂಗ್, ಸಿಸಿಟಿವಿ ಎಲ್ಲವೂ ಅದೇ ವೈಫೈನಲ್ಲಿ ಇರುತ್ತವೆ. ಹೀಗೆ ಮಾಡಿ:

1. ರೂಟರ್ ಪುಟದಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಚಾಲೂ ಮಾಡಿ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅತಿಥಿಗಳ ಸಾಧನಗಳು ನಿಮ್ಮ ಸಾಧನಗಳನ್ನು ನೋಡದಂತೆ ತಡೆಯುವ ಆಯ್ಕೆ ಅಲ್ಲೇ ಇರುತ್ತದೆ, ಅದನ್ನೂ ಹಾಕಿ. ಆದರೆ ನೆನಪಿರಲಿ, ಗೆಸ್ಟ್ ವೈಫೈ ಒಳಗಿನವರನ್ನು ಬೇರ್ಪಡಿಸುತ್ತದೆ ಅಷ್ಟೆ. ಹೊರಗೆ ಕಾಣುವ ಐಪಿ ನಿಮ್ಮದೇ.

2. ಅತಿಥಿಗಳ ಪಾಸ್‌ವರ್ಡ್ ವಾರಕ್ಕೊಮ್ಮೆಯಾದರೂ ಬದಲಿಸಿ. ಬದಲಿಸಿದ ದಿನಾಂಕವನ್ನು ಅತಿಥಿಗಳ ರಿಜಿಸ್ಟರ್‌ನಲ್ಲೇ ಬರೆಯಿರಿ. ಆ ವಾರ ಯಾರು ತಂಗಿದ್ದರು ಎಂಬುದಕ್ಕೆ ಅದೇ ದಾಖಲೆ.

3. ಹತ್ತಾರು ಕೋಣೆಗಳಿರುವವರು, ವೈಫೈಗೆಂದು ಗ್ರಾಹಕರನ್ನು ಸೆಳೆಯುವ ಕೆಫೆಯವರು ಮನೆ ಬಳಕೆಯ ಪ್ಲಾನ್ ನೆಚ್ಚಿಕೊಳ್ಳಬೇಡಿ. ಬರುವವರ ಮೊಬೈಲ್ ಸಂಖ್ಯೆಗೆ ಒಟಿಪಿ ಕಳಿಸಿ ಸಂಪರ್ಕ ಕೊಡುವ ವ್ಯವಸ್ಥೆ ನಿಮ್ಮ ಇಂಟರ್‌ನೆಟ್ ಕಂಪನಿಯಲ್ಲಿ ಇದೆಯೇ ಕೇಳಿ.

ಮನೆ ಮಾತ್ರ ಇರುವವರಿಗೂ ಒಂದು ಮಾತು. ಪಕ್ಕದ ಮನೆಯ ಹುಡುಗರಿಗೆ ಪರೀಕ್ಷೆಗೆಂದು ವೈಫೈ ಕೊಟ್ಟರೆ ತಪ್ಪಿಲ್ಲ, ನಮ್ಮ ಕಡೆ ಅದು ಸಹಜವೇ. ಗೆಸ್ಟ್ ಪಾಸ್‌ವರ್ಡ್ ಕೊಡಿ, ಪರೀಕ್ಷೆ ಮುಗಿದ ಮೇಲೆ ಬದಲಿಸಿ.

ಸಿಸಿಟಿವಿ ದೂರದಿಂದ ನೋಡಬೇಕೆಂದರೆ

ಕಂಪ್ಲಿಯ ಅಕ್ಕಿ ಗಿರಣಿ, ಸಂಡೂರಿನ ಲಾರಿ ಯಾರ್ಡ್, ತೋಟದ ಮನೆ. ಮಾಲೀಕರು ಊರಲ್ಲಿ ಇಲ್ಲದಾಗ ಮೊಬೈಲ್‌ನಲ್ಲಿ ಕ್ಯಾಮೆರಾ ನೋಡಬೇಕು. ಅಳವಡಿಸಲು ಬಂದವರು ಕೆಲವೊಮ್ಮೆ ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಹಾಕಿ ಹೋಗುತ್ತಾರೆ. ಹೊರಗಿನಿಂದ ನೇರವಾಗಿ, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಡಿವಿಆರ್‌ಗೆ ಬಾಗಿಲು ತೆರೆಯುವ ಕ್ರಮ ಅದು. ಸಿಜಿನ್ಯಾಟ್ ಇದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ, ‘ನೆಟ್ ಸರಿ ಇಲ್ಲ’ ಎಂದು ಕೇಬಲ್‌ನವರ ಜೊತೆ ಸುಮ್ಮನೆ ಜಗಳವಾಗುತ್ತದೆ. ಸಿಜಿನ್ಯಾಟ್ ಇಲ್ಲದೆ ಕೆಲಸ ಮಾಡಿದರೆ ಅಪಾಯ ಅಲ್ಲಿಂದ ಶುರು. ಹೊರಗೆ ಕಾಣುವ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುವ ತಂತ್ರಾಂಶಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶಪಡಿಸಿಕೊಂಡದ್ದು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ ಎಂಬ ಒಂದೇ ಕಾರಣದಿಂದ.

ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡುವ ವಿಧಾನ ಸಾಮಾನ್ಯ ಬಳಕೆಗೆ ಸಾಕು, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಅದಕ್ಕೂ ಮುಂಚೆ ಡಿವಿಆರ್‌ನ ‘ಅಡ್ಮಿನ್’ ಪಾಸ್‌ವರ್ಡ್ ನೀವೇ ಬದಲಿಸಿ. ಅಳವಡಿಸಿದವರಿಗೆ ಅದನ್ನು ಹೇಳಬೇಕಾದ ಅಗತ್ಯವಿಲ್ಲ. ಐಪಿವಿ6 ಇರುವ ಮನೆಯಲ್ಲಿ ನ್ಯಾಟ್‌ನ ಮರೆ ಇರುವುದಿಲ್ಲವಾದ್ದರಿಂದ ರೂಟರ್‌ನ ‘ಐಪಿವಿ6 ಫೈರ್‌ವಾಲ್’ ಚಾಲೂ ಇದೆಯೇ ನೋಡಿಕೊಳ್ಳಿ.

ಪದೇ ಪದೇ ಆಗುವ ತಪ್ಪುಗಳು

‘ಇನ್‌ಕಾಗ್ನಿಟೊ’ದಲ್ಲಿ ನೋಡಿದರೆ ಐಪಿ ಕಾಣದು ಎಂಬುದು ಸುಳ್ಳು. ಅದು ನಿಮ್ಮ ಮೊಬೈಲ್‌ನಲ್ಲಿ ಇತಿಹಾಸ ಉಳಿಯದಂತೆ ಮಾತ್ರ ಮಾಡುತ್ತದೆ.

ವಿಪಿಎನ್ ಹಾಕಿದರೆ ಮಾಯವಾದಂತೆ ಎಂದು ತಿಳಿಯುವುದು ಇನ್ನೊಂದು ತಪ್ಪು. ಜಾಲತಾಣಕ್ಕೆ ನಿಮ್ಮ ಐಪಿ ಬದಲು ವಿಪಿಎನ್ ಕಂಪನಿಯ ಐಪಿ ಕಾಣುತ್ತದೆ, ನಿಜ. ಆದರೆ ನಿಮ್ಮ ಓಡಾಟವೆಲ್ಲ ಆ ಕಂಪನಿಯ ಕೈಯಲ್ಲಿರುತ್ತದೆ. ಅದರ ಮೇಲೆ ಫೇಸ್‌ಬುಕ್‌ಗೆ ಲಾಗಿನ್ ಆದರೆ ನೀವು ಯಾರೆಂದು ನೀವೇ ಹೇಳಿದಂತಾಯಿತು. ಹೆಸರೇ ಕೇಳದ ಪುಕ್ಕಟೆ ವಿಪಿಎನ್‌ಗಳನ್ನು ಹಾಕಿಕೊಳ್ಳದಿರುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ದೂರು ಕೊಡುವಾಗ 192.168ರಿಂದ ಶುರುವಾಗುವ ಸಂಖ್ಯೆ ಬರೆದುಕೊಡುತ್ತಾರೆ. ಅದರಿಂದ ಯಾರನ್ನೂ ಹುಡುಕಲಾಗದು. ಸಮಯ ಬರೆಯುವಾಗಲೂ ಗಮನವಿರಲಿ. ಕೆಲವು ತಾಣಗಳು ಯುಟಿಸಿ ಸಮಯ ತೋರಿಸುತ್ತವೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಯಾವ ಸಮಯವೆಂದು ಸ್ಪಷ್ಟವಾಗಿ ಬರೆಯದಿದ್ದರೆ ಬೇರೊಬ್ಬರ ಹೆಸರು ಹೊರಬರಬಹುದು.

ವೈಫೈ ಪಾಸ್‌ವರ್ಡ್ ಬದಲಿಸಿ ರೂಟರ್ ಪುಟದ ಪಾಸ್‌ವರ್ಡ್ ಹಾಗೆಯೇ ಬಿಡುತ್ತಾರೆ. ಅವೆರಡೂ ಬೇರೆ ಬೇರೆ. ಎರಡನ್ನೂ ಬದಲಿಸಬೇಕು. ಜೊತೆಗೆ ‘ಡಬ್ಲ್ಯುಪಿಎಸ್’ ಮತ್ತು ‘ರಿಮೋಟ್ ಮ್ಯಾನೇಜ್‌ಮೆಂಟ್’ ಎರಡನ್ನೂ ಆರಿಸಿ. ಭದ್ರತೆಯ ಮಾದರಿ ಕೇಳಿದಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಯ್ಕೆ ಮಾಡಿ.

‘ನಿಮ್ಮ ಐಪಿ ನಮ್ಮ ಹತ್ತಿರ ಇದೆ’ ಎಂದು ಕರೆ ಬಂದರೆ

ಕರೆ ಮಾಡಿದವರಿಗೆ ನಿಮ್ಮ ಐಪಿ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಗೊತ್ತಿದ್ದರೂ ಅದರಿಂದ ನಿಮ್ಮ ಹೆಸರು ಮನೆ ಅವರಿಗೆ ಸಿಗುವುದಿಲ್ಲ. ಅವರು ಹೇಳುವ ಹೆಸರು, ಆಧಾರ್ ಸಂಖ್ಯೆಗಳು ಬೇರೆಲ್ಲೋ ಸೋರಿಹೋದ ಪಟ್ಟಿಗಳಿಂದ ಬಂದವು. ವಿಡಿಯೊ ಕರೆಯಲ್ಲಿ ಕೂರಿಸಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಇದನ್ನು ದೇಶಕ್ಕೆಲ್ಲ ಹೇಳಿದರು. ಐಪಿಯಿಂದ ಹೊರಟ ನಿಜವಾದ ತನಿಖೆ ಲಿಖಿತ ನೋಟಿಸಿನ ಮೂಲಕ ಬರುತ್ತದೆ, ಪ್ರಕರಣ ಮುಚ್ಚಲು ಯುಪಿಐಗೆ ಹಣ ಹಾಕಿ ಎಂದು ಕೇಳುವುದಿಲ್ಲ.

ಕರೆ ಕತ್ತರಿಸಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿಕೊಡಿ.